ಟ್ರಂಪೆಟ್‌ನ ತುದಿ ಸ್ವರ: ಒಬ್ಬರಿಗೆ ಕಣ್ಣೀರು, ಒಬ್ಬರಿಗೆ ಕಿರುಚಾಟ

ಪ್ರಶ್ನೆ: ಸರ್, ನಾವು ಸೋಮವಾರಪೇಟೆ ಕಡೆಯವರು. ಹೋದ ತಿಂಗಳು ಮಳೆ ಹಿಡಿದು ಎರಡು ದಿನ ಕರೆಂಟ್ ಇರಲಿಲ್ಲ. ಕರೆಂಟ್ ಬಂದ ರಾತ್ರಿ ಮನೆಯವರೆಲ್ಲ ಜಗಲಿಯಲ್ಲಿ ಕೂತು ಮೊಬೈಲ್‌ನಲ್ಲಿ ಮೇನಾರ್ಡ್ ಫರ್ಗ್ಯೂಸನ್ ಎಂಬ ಜಾಝ್ ಟ್ರಂಪೆಟ್ ವಾದಕನ ಬಿಗ್ ಬ್ಯಾಂಡ್ ವಿಡಿಯೋ ನೋಡಿದೆವು. ಕೊನೆಯಲ್ಲಿ ಆತ ಏರಿದ ಸ್ವರಕ್ಕೆ ನನಗೆ ಮೈ ಜುಮ್ಮೆಂದು ಕಣ್ಣಲ್ಲಿ ನೀರು ಬಂತು. ಮಿಲಿಟರಿಯಿಂದ ನಿವೃತ್ತರಾದ ಮಾವ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಜ್ಜಿ "ಎಂಥ ಕಿರುಚಾಟ ಮಾರಾಯ, ನಿಲ್ಸು" ಅಂದರು. ಟ್ರಂಪೆಟ್ ಕಲಿಯುತ್ತಿರುವ ಅಕ್ಕನ ಮಗ "ಇದು ಸಂಗೀತ ಅಲ್ಲ, ಸರ್ಕಸ್" ಅಂದ. ಅಲ್ಲೇ ವಾದ ಶುರುವಾಯಿತು. ಯಾರು ಹೇಳಿದ್ದು ಸರಿ? ನನಗೆ ಸಂಗೀತ ಗೊತ್ತಿಲ್ಲ. ನನ್ನ ಕಣ್ಣೀರಿಗೆ ಏನಾದರೂ ಬೆಲೆ ಇದೆಯಾ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಬೆಲೆ ಇದೆ. ಖಂಡಿತ ಇದೆ. ಸಂಗೀತ ಗೊತ್ತಿಲ್ಲ ಅಂತ ಬರೆದಿದ್ದೀರಲ್ಲ, ಆ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ.

ಈ ಮೈ ಜುಮ್ಮೆನ್ನುವುದರ ಬಗ್ಗೆ ಕೆನಡಾದ ಮಾಂಟ್ರಿಯಲ್‌ನಲ್ಲಿರುವ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದರು. ಯಾವ ಸಂಗೀತಕ್ಕೆ ಯಾರ ಮೈ ನವಿರೇಳುತ್ತದೋ ಅವರಿಗೆ ಅದನ್ನೇ ಕೇಳಿಸಿ, ಆಗ ಮಿದುಳಿನಲ್ಲಿ ಏನಾಗುತ್ತದೆ ಎಂದು ನೋಡಿದರು. ಡೋಪಮೈನ್ ಅನ್ನುವ ರಾಸಾಯನಿಕ ಬಿಡುಗಡೆಯಾಗುತ್ತಿತ್ತು. ಹಸಿದವನಿಗೆ ಊಟ ಸಿಕ್ಕಾಗಿನ ಖುಷಿಯಲ್ಲೂ ಇದರದ್ದೇ ಕೆಲಸ. ನನಗೆ ತುಂಬಾ ಹಿಡಿಸಿದ ವಿಷಯ ಬೇರೆ ಇದೆ. ಜುಮ್ಮೆನ್ನುವ ಕ್ಷಣದಲ್ಲಿ ಮಾತ್ರ ಅಲ್ಲ, ಅದು ಬರಲಿ ಎಂದು ಕಾಯುವ ಹೊತ್ತಿನಲ್ಲೂ, ಮಿದುಳಿನ ಇನ್ನೊಂದು ಭಾಗದಲ್ಲಿ ಅದೇ ನಡೆಯುತ್ತಿತ್ತು. ಅಂದರೆ ಕೇಳುವವರ ಮೈ ಮುಂಚೆಯೇ ಕಾದು ಕೂತಿರುತ್ತದೆ. ಕಾಯಬೇಕು ಅಂದರೆ ಮುಂದೆ ಏನು ಬರುತ್ತದೆ ಎಂಬ ಅಂದಾಜು ಬೇಕು. ತಾಳ ಎಲ್ಲಿ ಬೀಳುತ್ತದೆ, ಏರಿಕೆ ಎಲ್ಲಿಗೆ ಮುಟ್ಟುತ್ತದೆ ಅನ್ನುವ ಲೆಕ್ಕ ಒಳಗೊಳಗೇ ನಡೆಯುತ್ತಿರಬೇಕು. ನೀವು ಆ ಲೆಕ್ಕ ಹಾಕಿದ್ದೀರಿ. ಅದರ ಹೆಸರುಗಳು ಗೊತ್ತಿಲ್ಲ, ಅಷ್ಟೇ.

ಈಗ ಆ ಸ್ವರದ ವಿಷಯಕ್ಕೆ ಬರುತ್ತೇನೆ. ಬಿಗ್ ಬ್ಯಾಂಡ್ ಅಂದರೆ ಸಾಮಾನ್ಯವಾಗಿ 17 ಜನ. 5 ಸ್ಯಾಕ್ಸೊಫೋನ್, 4 ಟ್ರಾಂಬೋನ್, 4 ಟ್ರಂಪೆಟ್, ಜೊತೆಗೆ ಪಿಯಾನೊ, ಗಿಟಾರ್, ಬೇಸ್, ಡ್ರಮ್ಸ್. ಒಂದೆರಡು ಹೆಚ್ಚುಕಮ್ಮಿ ಇರಬಹುದು. ನೀವೆಲ್ಲ ನೋಡಿದ್ದು ಮುಂದೆ ನಿಂತು ಊದುತ್ತಿದ್ದ ಒಬ್ಬನನ್ನು. ಕ್ಯಾಮೆರಾ ಕೂಡ ಅವನನ್ನೇ ತೋರಿಸುತ್ತದೆ. ಆದರೆ ಆ ತುದಿ ಸ್ವರವನ್ನು ಅವನೊಬ್ಬನೇ ಮಾಡಿದ್ದಲ್ಲ. ಒಂದು ಸಲ ವಿಡಿಯೋ ಮತ್ತೆ ಹಾಕಿ, ಈ ಸಲ ಅವನನ್ನು ಬಿಟ್ಟು ಡ್ರಮ್ಸ್ ಕಡೆ ಕಿವಿ ಕೊಡಿ. ಇಡೀ ಬ್ಯಾಂಡ್ ಒಟ್ಟಿಗೆ ಬೀಳುವ ಜಾಗಕ್ಕೆ ಸ್ವಲ್ಪ ಮುಂಚೆ ಡ್ರಮ್ಸ್‌ನವನು ಒಂದು ಸಣ್ಣ ಉರುಳಿಕೆ ಕೊಡುತ್ತಾನೆ. ಅದು ಬಾಗಿಲು ತೆಗೆದ ಹಾಗೆ. ಇನ್ನೊಂದು ಸಲ ಹಾಕಿ ಕೆಳಗಿನ ಸ್ವರಗಳನ್ನು ಹುಡುಕಿ. ಬೇಸ್, ದೊಡ್ಡ ಬ್ಯಾರಿಟೋನ್ ಸ್ಯಾಕ್ಸೊಫೋನ್, ಟ್ರಾಂಬೋನ್‌ಗಳು ನೆಲ ಹಿಡಿದು ನಿಂತಿರುತ್ತವೆ. ನೆಲ ಗಟ್ಟಿ ಇದ್ದರೆ ಮಾತ್ರ ಏಣಿ ನಿಲ್ಲುತ್ತದೆ. ಆ ಮೇಲಿನ ಸ್ವರವನ್ನೇ ಒಂದು ಖಾಲಿ ಕೋಣೆಯಲ್ಲಿ ಒಬ್ಬನೇ ಊದಿದರೆ ನೀವು ಬೆಚ್ಚುತ್ತೀರಿ, ಅಳುವುದಿಲ್ಲ. ನಿಮ್ಮನ್ನು ಅಳಿಸಿದ್ದು ಎತ್ತರ ಅಲ್ಲ, ಏರಿ ಬಂದ ದಾರಿ. ನಾನು ಹೇಳಬೇಕಾದ ಮುಖ್ಯ ಮಾತೂ ಇದೇ. ನಿಮ್ಮ ಮನೆಯ ನಾಲ್ಕು ಜನ ಒಂದೇ ಸ್ವರವನ್ನು ಕೇಳಲೇ ಇಲ್ಲ. ಒಬ್ಬೊಬ್ಬರಿಗೂ ಆ ದಾರಿಯ ಬೇರೆ ಬೇರೆ ತುಂಡು ಕೇಳಿಸಿದೆ.

ಅಜ್ಜಿಯನ್ನೇ ತೆಗೆದುಕೊಳ್ಳಿ. ಮೊಬೈಲ್‌ನಲ್ಲಿ ನೋಡಿದೆವು ಅಂತ ಬರೆದಿದ್ದೀರಿ. ಮೊಬೈಲ್‌ನ ಸ್ಪೀಕರ್ ಬೆರಳಿನ ಉಗುರಿನಷ್ಟು. ಅದರಿಂದ ಬೇಸ್ ಹೊರಗೆ ಬರುವುದೇ ಇಲ್ಲ, ಬ್ಯಾರಿಟೋನ್ ಸ್ಯಾಕ್ಸೊಫೋನ್ ಅರ್ಧಕ್ಕರ್ಧ ಮಾಯ. ಮೇಲೆ ಹೆಂಚಿನ ಮೇಲೋ ಶೀಟಿನ ಮೇಲೋ ಮಳೆ ಹೊಡೆಯುವ ಸದ್ದು, ಅದು ಇನ್ನಷ್ಟನ್ನು ನುಂಗುತ್ತದೆ. ಉಳಿಯುವುದು ಏನು? ಟ್ರಂಪೆಟ್‌ನ ಮೇಲಿನ ಚೂಪು ಮಾತ್ರ. ಮನುಷ್ಯರ ಕಿವಿ ಸೆಕೆಂಡಿಗೆ ಎರಡರಿಂದ ನಾಲ್ಕು ಸಾವಿರ ಕಂಪನದ ಸದ್ದಿಗೆ ತುಂಬಾ ಸೂಕ್ಷ್ಮ. ಮಗುವಿನ ಚೀರಾಟದ ಚೂಪು ಇರುವುದೂ ಅಲ್ಲೇ. ಟ್ರಂಪೆಟ್‌ನ ವಿಶೇಷ ಏನೆಂದರೆ ಜೋರಾಗಿ ಊದಿದಾಗ ಅದರ ಸದ್ದು ದೊಡ್ಡದಾಗುವುದಷ್ಟೇ ಅಲ್ಲ, ಬಣ್ಣವೇ ಬದಲಾಗುತ್ತದೆ. ಕೊಳವೆಯೊಳಗಿನ ಗಾಳಿಯ ಅಲೆ ಕಡಿದಾಗುತ್ತಾ ಹೋಗಿ ಆ ಚೂಪು ಸ್ವರಾಂಶಗಳು ತುಂಬಿಕೊಳ್ಳುತ್ತವೆ. ಲೋಹ ಮಿನುಗಿದ ಹಾಗೆ ಕೇಳಿಸುತ್ತದಲ್ಲ, ಅದು ಇದೇ. ಹಾಗಾಗಿ ಅಜ್ಜಿ ಕಿರುಚಾಟ ಅಂದಿದ್ದರೆ, ಅವರಿಗೆ ತಲುಪಿದ್ದು ನಿಜವಾಗಿಯೂ ಕಿರುಚಾಟವೇ. ಅವರ ಮಾತನ್ನು ತಳ್ಳಿಹಾಕಬೇಡಿ. ಮಳೆ ನಿಂತ ಮೇಲೆ ಒಂದು ದಿನ ಒಳ್ಳೆಯ ಸ್ಪೀಕರ್ ಇಟ್ಟು, ಸದ್ದು ಕಮ್ಮಿ ಮಾಡಿ ಕೇಳಿಸಿ. ಆಗಲೂ ಬೇಡ ಅಂದರೆ ಬೇಡ, ಅದು ಅವರ ರುಚಿ. ಆದರೆ ನ್ಯಾಯವಾಗಿ ಒಂದು ಅವಕಾಶ ಆಗಬೇಕು ಅಲ್ವಾ?

ಮಾವನ ವಿಷಯದಲ್ಲಿ ನನ್ನದು ಊಹೆ. ಆದರೆ ನಮ್ಮ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವನ ಊಹೆ. ಮಿಲಿಟರಿಯಲ್ಲಿ ಇಪ್ಪತ್ತು ಮೂವತ್ತು ವರ್ಷ ಇದ್ದವರ ದಿನ ಏಳುವುದೇ ಬ್ಯೂಗಲ್‌ಗೆ. ಮಲಗುವುದೂ ಅದಕ್ಕೇ. ಜೊತೆಗಾರರು ತೀರಿಕೊಂಡಾಗ ಕೊನೆಯ ಗೌರವಕ್ಕೆ ಊದುವುದೂ ಅದನ್ನೇ. ಅಂಥ ಕಿವಿಗೆ ಹಿತ್ತಾಳೆಯ ಸ್ವರ ಒಂದು ಮೇಲೇರಿದರೆ ಕಾಲು ತಾನಾಗಿಯೇ ಎದ್ದು ನಿಲ್ಲುತ್ತದೆ. ಅವರು ಚಪ್ಪಾಳೆ ತಟ್ಟಿದ್ದು ಜಾಝ್‌ಗೋ, ತಮ್ಮ ಹಳೆಯ ದಿನಗಳಿಗೋ ಎಂದು ಕೇಳುವುದು ನನಗೆ ಸರಿ ಕಾಣುವುದಿಲ್ಲ. ಎರಡೂ ಒಂದೇ ಎದೆಯಲ್ಲಿ ಇರುತ್ತವೆ. ಬಿಡುವಿದ್ದಾಗ ಒಮ್ಮೆ ಕೇಳಿ ನೋಡಿ, ಯಾವ ಊರಿನ ಯಾವ ಬೆಳಗ್ಗೆ ನೆನಪಾಯಿತು ಅಂತ. ಹೇಳಿದರೂ ಹೇಳಬಹುದು.

ಇನ್ನು ಅಕ್ಕನ ಮಗ. ಇವನ ಮಾತಿಗೆ ಉತ್ತರ ಸ್ವಲ್ಪ ಉದ್ದ ಆಗುತ್ತದೆ. ನಾನು ಮಡಿಕೇರಿಯಲ್ಲಿ ಮಕ್ಕಳಿಗೆ ಟ್ರಂಪೆಟ್ ಕಲಿಸುವವನು, ಅವನ ಸಿಟ್ಟು ಎಲ್ಲಿಂದ ಬರುತ್ತದೆ ಎಂದು ನನಗೆ ಗೊತ್ತು.

ಕೊಡಗಿನವರಿಗೆ ಇದನ್ನು ವಿವರಿಸುವುದು ಸುಲಭ, ಯಾಕೆಂದರೆ ನಾವೆಲ್ಲ ಕೊಂಬು ನೋಡಿದವರು. ಕೊಂಬು ಕೊಟ್ಟು ವಾಲಗದಲ್ಲಿ ಆ ಬಾಗಿದ ಕೊಂಬನ್ನು ಮೇಲೆತ್ತಿ ಊದುವಾಗ ಊದುವವರ ಬೆರಳು ಎಲ್ಲಾದರೂ ಆಡುತ್ತದಾ? ಇಲ್ಲ. ಅದರಲ್ಲಿ ತೂತಿಲ್ಲ, ಕೀಲಿಯಿಲ್ಲ. ಎಲ್ಲವೂ ತುಟಿ ಮತ್ತು ಉಸಿರು. ತುಟಿ ಬಿಗಿ ಮಾಡಿದ ಹಾಗೆ ಸ್ವರ ಮೆಟ್ಟಿಲು ಮೆಟ್ಟಿಲಾಗಿ ಹಾರುತ್ತದೆ. ಟ್ರಂಪೆಟ್ ಕೂಡ ಮೂಲದಲ್ಲಿ ಇದೇ. ಸುಮಾರು 1.48 ಮೀಟರ್ ಉದ್ದದ ಕೊಳವೆಯನ್ನು ಸುತ್ತಿ ಇಟ್ಟಿರುತ್ತಾರೆ. ಮಧ್ಯೆ ಮೂರು ವಾಲ್ವ್. ವಾಲ್ವ್ ಒತ್ತಿದರೆ ಕೊಳವೆ ಸ್ವಲ್ಪ ಉದ್ದವಾಗಿ ಸ್ವರ ಇಳಿಯುತ್ತದೆ. ಎರಡನೆಯದು ಅರ್ಧ ಸ್ವರ, ಮೊದಲನೆಯದು ಒಂದು, ಮೂರನೆಯದು ಒಂದೂವರೆ. ಮೆಟ್ಟಿಲುಗಳ ನಡುವಿನ ಖಾಲಿ ಜಾಗ ತುಂಬುವುದಕ್ಕೆ ಈ ಮೂರು ಸಾಕು. ಕೆಳಗಿನ ಸ್ಥಾಯಿಯಲ್ಲಿ ಮೆಟ್ಟಿಲುಗಳು ದೂರ ದೂರ, ಆದ್ದರಿಂದ ಬೆರಳು ಸರಿಯಾಗಿ ಒತ್ತಿದರೆ ಸ್ವರ ಹೆಚ್ಚುಕಮ್ಮಿ ಸರಿಯಾಗಿಯೇ ಬರುತ್ತದೆ. ಮೇಲೆ ಹೋದಂತೆ ಮೆಟ್ಟಿಲುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ತುಟಿ ಕೂದಲೆಳೆಯಷ್ಟು ಸಡಿಲಾದರೂ ಪಕ್ಕದ ಸ್ವರಕ್ಕೆ ಜಾರುತ್ತದೆ, ಸಾವಿರ ಜನರ ಎದುರಿಗೆ. ಇನ್ನೂ ಮೇಲೆ ಹೋದರೆ ಕೊಳವೆಯ ಸಹಾಯವೂ ತಪ್ಪುತ್ತದೆ. ಕೆಳಗಿನ ಸ್ವರಗಳಲ್ಲಿ ಅಲೆ ಗಂಟೆಯಾಕಾರದ ಬಾಯಿಯವರೆಗೆ ಹೋಗಿ ವಾಪಸ್ ಬಂದು ತುಟಿಗೆ ಆಸರೆ ಕೊಡುತ್ತದೆ. ತೀರಾ ಮೇಲಿನ ಸ್ವರಗಳಲ್ಲಿ ಅಲೆ ಬಹುಪಾಲು ಹೊರಗೇ ಹೋಗಿಬಿಡುತ್ತದೆ, ವಾಪಸ್ ಬರುವುದು ಕಮ್ಮಿ. ಆಗ ಟ್ರಂಪೆಟ್ ಮತ್ತೆ ಕೊಂಬಾಗುತ್ತದೆ. ಕೊಂಬಿಗಿಂತಲೂ ಕಷ್ಟದ್ದು.

ಟ್ರಂಪೆಟ್‌ನವರು ಹೈ ಸಿ ಅನ್ನುವ ಸ್ವರಕ್ಕೆ ತುಟಿ ಸೆಕೆಂಡಿಗೆ 932 ಸಲ ಅದುರಬೇಕು. ಕಲಿಯುವ ಹುಡುಗರಿಗೆ ಅಷ್ಟು ಮುಟ್ಟುವುದೇ ವರ್ಷಗಳ ಕನಸು. ಫರ್ಗ್ಯೂಸನ್ ಪ್ರಸಿದ್ಧನಾದದ್ದು ಅದಕ್ಕೂ ಒಂದು ಪೂರ್ತಿ ಸ್ಥಾಯಿ ಮೇಲೆ, ಸೆಕೆಂಡಿಗೆ 1865 ಸಲ ಅದುರುವ ಜಾಗದಲ್ಲಿ, ಸಲೀಸಾಗಿ ಓಡಾಡಿದ್ದಕ್ಕೆ.

ನಮ್ಮಲ್ಲಿ ಜುಲೈ ತಿಂಗಳ ಬೆಳಗ್ಗೆ ಹೇಗಿರುತ್ತದೆ ಗೊತ್ತಲ್ಲ. ಮೌತ್‌ಪೀಸ್ ಮುಟ್ಟಿದರೆ ಐಸಿನ ಹಾಗೆ ಇರುತ್ತದೆ. ನನ್ನ ಹತ್ತಿರ ಬರುವ ಹುಡುಗ ಒಬ್ಬ ಅದನ್ನು ಮನೆಯಿಂದಲೇ ಪ್ಯಾಂಟಿನ ಜೇಬಿನಲ್ಲಿ ಬಿಸಿ ಮಾಡಿಕೊಂಡು ಬರುತ್ತಾನೆ. ತಣ್ಣಗಿನ ಟ್ರಂಪೆಟ್‌ನ ಶ್ರುತಿ ಇಳಿದಿರುತ್ತದೆ, ಹತ್ತು ನಿಮಿಷ ಊದಿ ಬೆಚ್ಚಗಾಗಿಸಿದ ಮೇಲೆಯೇ ಅದು ಜಾಗಕ್ಕೆ ಬರುವುದು. ಮಧ್ಯೆ ಮಧ್ಯೆ ನೀರಿನ ಕೀಲಿ ಒತ್ತಿ ಒಳಗೆ ಕೂಡಿದ ನೀರನ್ನು ಹಳೆಯ ಟವೆಲ್ ಮೇಲೆ ಊದಿ ತೆಗೆಯುತ್ತಾನೆ. ಅವನ ಮೇಲ್ದುಟಿಯ ನಡುವೆ ಕೆಂಪಗೆ ಒಂದು ಉಂಗುರದ ಗುರುತು. ಅಭ್ಯಾಸ ಮುಗಿಸಿದ ಮೇಲೂ ಎಷ್ಟೋ ಹೊತ್ತು ಅದು ಹೋಗುವುದಿಲ್ಲ. ಅವನಿಗೆ ನಾನು ಇಂಥ ವಿಡಿಯೋ ತೋರಿಸಿದಾಗ ಅವನ ಮುಖ ನೋಡಲಿಲ್ಲ, ಬಾಯಿ ನೋಡಿದೆ. ಸ್ವರ ಏರಿದ ಹಾಗೆ ಅವನ ಬಾಯಿಯ ಮೂಲೆಗಳು ತಾವಾಗಿಯೇ ಬಿಗಿಯಾಗುತ್ತಾ ಹೋದವು. ಉಸಿರು ಹಿಡಿದಿದ್ದ. ಅವನು ಕಿವಿಯಲ್ಲಿ ಕೇಳುತ್ತಲೇ ಇರಲಿಲ್ಲ, ತುಟಿಯಲ್ಲಿ ಕೇಳುತ್ತಿದ್ದ.

ನಿಮ್ಮ ಅಕ್ಕನ ಮಗನೂ ಹಾಗೆಯೇ ಕೇಳಿರುತ್ತಾನೆ. ಊದುವವರಿಗೆ ಇನ್ನೊಬ್ಬ ಊದುವುದನ್ನು ಕೇಳುವಾಗ ನಿಮ್ಮ ಹಾಗೆ ತೇಲಿ ಹೋಗುವುದಕ್ಕೆ ಆಗುವುದಿಲ್ಲ. ಇವನು ಎಲ್ಲಿ ಉಸಿರು ತೆಗೆದ, ಎಲ್ಲಿ ತಪ್ಪಿಸಿಕೊಂಡ, ಇಷ್ಟು ಮಾಡಲು ಏನೇನು ಬಿಟ್ಟ ಎಂದು ತಲೆ ಓಡುತ್ತದೆ. ಅದರಲ್ಲಿ ಸ್ವಲ್ಪ ನೋವೂ ಇರುತ್ತದೆ. ನಾನು ಇದನ್ನು ಅಸೂಯೆ ಅನ್ನುವುದಿಲ್ಲ. ನನಗೆ ಅದು ಎಂದೂ ಬರುವುದಿಲ್ಲವೇನೋ ಅನ್ನುವ ಹೆದರಿಕೆ ಅದು. ಹದಿನೇಳು ಹದಿನೆಂಟು ವರ್ಷಕ್ಕೆ ನನಗೂ ಇತ್ತು. ಅವನಿಗೆ ಸುಮ್ನೆ ಬೈಯಬೇಡಿ.

ಮತ್ತೆ ಅವನು ಕೇಳಿದ ಪ್ರಶ್ನೆ ಪೊಳ್ಳು ಅಲ್ಲ. ಫರ್ಗ್ಯೂಸನ್‌ಗೆ ಜೀವನಪೂರ್ತಿ ಬಂದ ಟೀಕೆಯೇ ಅದು. 1928ರಲ್ಲಿ ಮಾಂಟ್ರಿಯಲ್ ಹತ್ತಿರ ಹುಟ್ಟಿದವನು. 1950ರಲ್ಲಿ ಸ್ಟ್ಯಾನ್ ಕೆಂಟನ್ ಎಂಬ ಅಮೆರಿಕದ ಜಾಝ್ ನಾಯಕನ ಬಿಗ್ ಬ್ಯಾಂಡ್ ಸೇರಿ, ಆ ತಾರಸ್ಥಾಯಿಯಿಂದಲೇ ಹೆಸರು ಮಾಡಿದ. ಆಗಿನಿಂದ 2006ರಲ್ಲಿ ತೀರಿಕೊಳ್ಳುವವರೆಗೆ ಜನ ಕುರ್ಚಿಯಿಂದ ಎದ್ದು ನಿಂತರು, ವಿಮರ್ಶಕರಲ್ಲಿ ಹಲವರು ಇದು ಪ್ರದರ್ಶನ ಜಾಸ್ತಿ, ಸಂಗೀತ ಕಮ್ಮಿ ಅಂದರು. ನನ್ನ ಅಭಿಪ್ರಾಯ ಕೇಳಿದರೆ, ಕೆಲವು ಕಡೆ ವಿಮರ್ಶಕರು ಸರಿ. ಏರಿದ ಮೇಲೆ ಇಳಿಯಲು ಮನಸ್ಸಿಲ್ಲದೆ ಅಲ್ಲೇ ಸುತ್ತುವ ಜಾಗಗಳು ಅವನಲ್ಲಿ ಇವೆ. ಬ್ಯಾಂಡ್ ಕೆಳಗೆ ಕಾಯುತ್ತಾ ನಿಂತಿರುತ್ತದೆ, ಅವನು ಮೇಲೆ ಒಂದೇ ಸ್ವರವನ್ನು ಮತ್ತೆ ಮತ್ತೆ ಹೊಡೆಯುತ್ತಿರುತ್ತಾನೆ. ಅದು ಸರ್ಕಸ್ಸೇ. ಆದರೆ ಒಂದು ರಾಗವನ್ನು ಕೆಳಗಿನಿಂದ ಹಿಡಿದು, ಅದರ ಮಾತನ್ನು ಬಿಡದೆ, ಬ್ಯಾಂಡ್ ಒಂದೊಂದೇ ಮೆಟ್ಟಿಲು ಇಟ್ಟ ಹಾಗೆ ಅದರ ಮೇಲೆ ಕಾಲಿಟ್ಟು ಹತ್ತಿ, ಕೊನೆಗೆ ಇನ್ನೆಲ್ಲೂ ಹೋಗಲು ಜಾಗವಿಲ್ಲ ಅನ್ನುವಾಗ ಆ ತುದಿಯನ್ನು ಮುಟ್ಟಿದರೆ, ಅಲ್ಲಿ ಎತ್ತರಕ್ಕೂ ಭಾವಕ್ಕೂ ನಡುವೆ ಗೆರೆ ಎಳೆಯುವುದು ನನ್ನಿಂದ ಆಗದು. ಹುಡುಗನಿಗೆ ಇಷ್ಟು ಕೇಳಿ: ತುದಿ ಸ್ವರಕ್ಕೆ ಮುಂಚಿನ ಅರ್ಧ ನಿಮಿಷ ತೆಗೆದುಹಾಕಿದರೆ ಅದಕ್ಕೆ ಏನಾದರೂ ಅರ್ಥ ಉಳಿಯುತ್ತದಾ? ಉಳಿಯುವುದಿಲ್ಲ ಅಂದರೆ ಅದು ಸಂಗೀತ. ಹಾಗೆಯೇ ಉಳಿದರೆ ಅವನ ಮಾತಿನಲ್ಲಿ ನ್ಯಾಯ ಇದೆ.

ಈ ಫರ್ಗ್ಯೂಸನ್ ನಮಗೆ ಅಷ್ಟೇನೂ ದೂರದವನಲ್ಲ. 1960ರ ದಶಕದ ಕೊನೆಗೆ ಅವನು ಭಾರತಕ್ಕೆ ಬಂದು, ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದ್ದ. ಕೋಲಾರ ದಾಟಿದರೆ ಬರುವ ಊರು. 1970ರ ಅವನ ಆಲ್ಬಂ ಒಂದರಲ್ಲಿ ಚಲನಾಟ ಎಂಬ ಹೆಸರಿನದೇ ಒಂದು ತುಣುಕು ಇದೆ, ನಮ್ಮ ಮೇಳಕರ್ತ ರಾಗದ ಹೆಸರು. ಅದನ್ನೂ ಹುಡುಕಿ ಕೇಳಿ.

ಜನರ ಪ್ರತಿಕ್ರಿಯೆ ಸಂಗೀತದ ಹೊರಗಿನ ವಿಷಯ ಅಂತ ಕೆಲವರು ತಿಳಿದಿರುತ್ತಾರೆ. ಬಿಗ್ ಬ್ಯಾಂಡ್‌ನಲ್ಲಿ ಹಾಗಲ್ಲ. ಅದು ಹುಟ್ಟಿದ್ದೇ ಕುಣಿಯುವ ಜನರ ಎದುರಿಗೆ. 1956ರ ಜುಲೈ 7ರಂದು ಅಮೆರಿಕದ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಡ್ಯೂಕ್ ಎಲಿಂಗ್ಟನ್‌ನ ಬ್ಯಾಂಡ್ ನುಡಿಸುತ್ತಿತ್ತು. ತಡರಾತ್ರಿ. ಪಾಲ್ ಗೊನ್ಸಾಲ್ವ್ಸ್ ಎಂಬ ಸ್ಯಾಕ್ಸೊಫೋನ್ ವಾದಕ ಎದ್ದು ಒಂದೇ ಆವರ್ತವನ್ನು 27 ಸಲ ಸುತ್ತಿ ಸುತ್ತಿ ಬೆಳೆಸಿದ. ಮಧ್ಯದಲ್ಲಿ ಕಪ್ಪು ಉಡುಪಿನ ಒಬ್ಬ ಹೆಂಗಸು ಎದ್ದು ಕುಣಿಯಲು ಶುರು ಮಾಡಿದರು. ಅವರನ್ನು ನೋಡಿ ಸುತ್ತಲಿನವರು, ಆಮೇಲೆ ಮೈದಾನಕ್ಕೆ ಮೈದಾನವೇ. ಆ ಧ್ವನಿಮುದ್ರಣ ಇವತ್ತೂ ಸಿಗುತ್ತದೆ. ಜನರ ಕೂಗು ಏರಿದಷ್ಟೂ ಬ್ಯಾಂಡ್ ಬಿಸಿಯಾಗುವುದು ಕಿವಿಗೇ ಗೊತ್ತಾಗುತ್ತದೆ. ಕೊನೆಯಲ್ಲಿ ಎಲ್ಲರ ತಲೆಯ ಮೇಲೆ ಹಾರುವ ಟ್ರಂಪೆಟ್ ಕ್ಯಾಟ್ ಆಂಡರ್ಸನ್‌ನದ್ದು. ಅವನೂ ತಾರಸ್ಥಾಯಿಗೇ ಹೆಸರಾದವನು. ಅಲ್ಲಿಯವರೆಗೆ ಎಲಿಂಗ್ಟನ್ ಕಾಲ ಮುಗಿಯಿತು ಅನ್ನುತ್ತಿದ್ದರು. ಆ ಆಗಸ್ಟ್‌ನಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಅವನ ಚಿತ್ರ ಬಂತು. ಇದಕ್ಕೆಲ್ಲ ಕಾರಣ ಬ್ಯಾಂಡ್ ಒಂದೇನಾ? ಎದ್ದು ಕುಣಿದ ಆ ಹೆಂಗಸಿಗೂ ಅದರಲ್ಲಿ ಪಾಲಿದೆ ಎಂದು ನಾನು ನಂಬುತ್ತೇನೆ.

ನಮ್ಮಲ್ಲಿಯೂ ಇದನ್ನು ಕಾಣಬಹುದು. ಕೊಡವರ ಮದುವೆಯ ಗಂಗಾಪೂಜೆಯಲ್ಲಿ ಮದುಮಗಳು ನೀರು ಹೊತ್ತು ಬರುವಾಗ ದಾರಿಗಡ್ಡ ನಿಂತು ವಾಲಗಕ್ಕೆ ಕುಣಿಯುತ್ತಾರಲ್ಲ, ಆಗ ವಾಲಗದವರನ್ನು ಗಮನಿಸಿದ್ದೀರಾ? ಕುಣಿಯುವವರ ಕಾಲು ಚುರುಕಾದರೆ ಅವರ ಕೈಯೂ ಚುರುಕಾಗುತ್ತದೆ. ಯಾರು ಯಾರನ್ನು ನಡೆಸುತ್ತಿದ್ದಾರೆ ಎಂದು ಹೇಳುವುದಕ್ಕೇ ಆಗುವುದಿಲ್ಲ. ಆದ್ದರಿಂದ ಜಾಝ್‌ನಲ್ಲಿ ಒಬ್ಬ ತನ್ನ ಸೋಲೊ, ಅಂದರೆ ಒಬ್ಬನೇ ಮುಂದಾಗಿ ನುಡಿಸುವ ಭಾಗ, ಮುಗಿಸಿದ ಕೂಡಲೇ, ಹಾಡು ಇನ್ನೂ ನಡೆಯುತ್ತಿರುವಾಗಲೇ ಚಪ್ಪಾಳೆ ಬಿದ್ದರೆ ಅದು ಅಗೌರವ ಅಲ್ಲ. ಅಲ್ಲಿಯ ಪದ್ಧತಿಯೇ ಅದು. ನಮ್ಮ ಕಛೇರಿಯಲ್ಲಿ ತನಿ ಆವರ್ತನ ಮುಗಿದಾಗ ತಟ್ಟುವ ಹಾಗೆ. ನಿಮ್ಮ ಮಾವ ತಟ್ಟಿದ್ದು ಸರಿಯಾದ ಜಾಗದಲ್ಲೇ.

ಹುಡುಗನ ಬಗ್ಗೆ ಒಂದು ಮಾತು ಬಿಟ್ಟುಹೋಗಬಾರದು. ಇಂಥ ವಿಡಿಯೋ ನೋಡಿ ಸರ್ಕಸ್ ಅಂದ ಹುಡುಗರೇ ಮರುದಿನ ಬಾಗಿಲು ಹಾಕಿಕೊಂಡು ಆ ಸ್ವರಕ್ಕೆ ಪ್ರಯತ್ನಿಸುತ್ತಾರೆ. ಬರದಿದ್ದಾಗ ಮೌತ್‌ಪೀಸನ್ನು ತುಟಿಗೆ ಒತ್ತುತ್ತಾರೆ. ಒತ್ತಿದರೆ ಒಂದೆರಡು ಸ್ವರ ಬಂದೂ ಬರುತ್ತದೆ, ಆದರೆ ತುಟಿಯ ರಕ್ತ ಓಡಾಟ ನಿಂತು, ಅದು ಊದಿಕೊಂಡು, ಆಮೇಲೆ ಕೆಳಗಿನ ಸ್ವರಗಳೂ ಕೆಡುತ್ತವೆ. ಜಾಝ್ ಟ್ರಂಪೆಟ್‌ನಲ್ಲಿ ದೊಡ್ಡ ಹೆಸರಾದ ಲೂಯಿ ಆರ್ಮ್‌ಸ್ಟ್ರಾಂಗ್‌ನಂಥವನೇ 1930ರ ದಶಕದಲ್ಲಿ ಹರಿದ ತುಟಿಯಿಂದ ಒದ್ದಾಡಿ ತಿಂಗಳುಗಟ್ಟಲೆ ಊದದೆ ಕೂರಬೇಕಾಯಿತು. ತುಟಿಯ ಸುತ್ತಲಿನ ಸ್ನಾಯು ಹರಿಯುವುದಕ್ಕೆ ವೈದ್ಯರು ಅವನ ಅಡ್ಡಹೆಸರನ್ನೇ ಇಟ್ಟಿದ್ದಾರೆ, ಸ್ಯಾಚ್‌ಮೊ ಸಿಂಡ್ರೋಮ್ ಎಂದು. ಎತ್ತರಕ್ಕೆ ಹೋಗುವುದು ಕೈಬಲದಿಂದ ಅಲ್ಲ. ವೇಗವಾಗಿ ಹೋಗುವ ಉಸಿರು, ನಾಲಿಗೆಯ ಏರಿಕೆ, ಬಾಯಿಯ ಮೂಲೆಗಳ ಹಿಡಿತ, ಮತ್ತೆ ಊದಿದಷ್ಟೇ ಹೊತ್ತು ವಿಶ್ರಾಂತಿ. ದಿನಕ್ಕೆ ಅರ್ಧ ಸ್ವರವೂ ಬೇಡ, ವರ್ಷಕ್ಕೆ ಒಂದೆರಡು ಸ್ವರ ಏರಿದರೆ ಅದು ಒಳ್ಳೆಯ ವರ್ಷ.

ಮುಂದಿನ ಸಲ ಎಲ್ಲರೂ ಕೂತಾಗ ಆರ್ಮ್‌ಸ್ಟ್ರಾಂಗ್ 1928ರಲ್ಲಿ ನುಡಿಸಿದ ವೆಸ್ಟ್ ಎಂಡ್ ಬ್ಲೂಸ್ ಹಾಕಿ. ಬಿಗ್ ಬ್ಯಾಂಡ್ ಅಲ್ಲ, ಬೆರಳೆಣಿಕೆಯ ಜನ. ಮೊದಲಿಗೆ ಟ್ರಂಪೆಟ್ ಒಂದೇ, ಜೊತೆಗೆ ಯಾರೂ ಇಲ್ಲ. ಕೊನೆಯ ಭಾಗದಲ್ಲಿ ಅವನು ಒಂದು ಎತ್ತರದ ಸ್ವರವನ್ನು ಹಿಡಿದು ಅಲುಗಾಡದೆ ನಿಲ್ಲುತ್ತಾನೆ, ಹೆಚ್ಚುಕಮ್ಮಿ ನಾಲ್ಕು ತಾಳದ ಸುತ್ತು. ಚೀರುವುದಿಲ್ಲ, ಓಡುವುದಿಲ್ಲ. ಹಳೆಯ ಮುದ್ರಣವಾದ್ದರಿಂದ ಸದ್ದೂ ಮೆತ್ತಗೆ. ಅಜ್ಜಿಗೆ ಮೊದಲು ಕೇಳಿಸಿ, ಹುಡುಗನ ಬಾಯಿಯ ಮೂಲೆ ನೋಡುತ್ತಿರಿ, ಏನಾಯಿತು ಎಂದು ನನಗೆ ಬರೆಯಿರಿ.